ಅವರು ಬೆಲ್ಟೇ ಹಾಕಲ್ಲ ಮೇಡಂ

ಈ ತರಹದ ದೂರು ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತದೆ. ನೋವು ನಿಜ, ಬರೆದದ್ದು ಸುಳ್ಳು. ಅದಕ್ಕೇ ಒಂದು ಪ್ರಕರಣ ಹೇಳುತ್ತೇನೆ. ಹೆಸರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ.

ಆಕೆಯನ್ನು ಭಾರತಿ ಅನ್ನೋಣ. ಡಿಗ್ರಿ ಆಗಿದೆ, ಒಬ್ಬ ಮಗ. ಗಂಡನಿಗೆ ಒಳ್ಳೆಯ ನೌಕರಿ. ಕುಡಿತ ಇಲ್ಲ, ಕೈ ಎತ್ತಿದ್ದಿಲ್ಲ. ಆದರೆ ಹೆಂಡತಿ ಜೊತೆ ತಿಂಗಳುಗಟ್ಟಲೆ ಮಾತಿಲ್ಲ. ಹೇಳಬೇಕಾದ್ದನ್ನು ಮಗನ ಕೈಲಿ ಹೇಳಿಸುತ್ತಾನೆ: "ನಿಮ್ಮಮ್ಮಂಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ." ಅಮ್ಮ ಅಲ್ಲೇ ಬಡಿಸುತ್ತಾ ನಿಂತಿರುತ್ತಾಳೆ. ತವರಿಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಲೇಬೇಕು. ಖರ್ಚಿಗೆ ಇನ್ನೂರು ರೂಪಾಯಿ ಫ್ರಿಜ್ ಮೇಲೆ ಇಟ್ಟು ಹೋಗುತ್ತಾನೆ. ಸಂಜೆ ಚೀಟಿಯಲ್ಲಿ ಲೆಕ್ಕ ಬರೆದಿಡಬೇಕು. ಲೆಕ್ಕ ತಪ್ಪಿದರೆ ಮರುದಿನ ದುಡ್ಡಿಲ್ಲ.

ಒಂದು ದಿನ ಭಾರತಿ ಅಣ್ಣನ ಜೊತೆ ಬಂದರು. ಟೈಪ್ ಮಾಡಿಸಿದ ದೂರು ತಂದಿದ್ದರು. ಅಣ್ಣನನ್ನು ಹೊರಗೆ ಕೂರಿಸಿ ಓದಿದೆ. ಐದು ಲಕ್ಷ ವರದಕ್ಷಿಣೆ ಕೇಳಿದರು. ಅತ್ತೆ ಕೂದಲು ಹಿಡಿದು ಎಳೆದರು. ಬೇರೆ ಊರಲ್ಲಿರುವ ನಾದಿನಿ ಕುಮ್ಮಕ್ಕು ಕೊಟ್ಟರು. ಗಂಡ ಬೆಲ್ಟಿನಿಂದ ಹೊಡೆದ.

"ಯಾವ ಬೆಲ್ಟು?" ಎಂದೆ.

ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದರು. "ಅವರು ಬೆಲ್ಟೇ ಹಾಕಲ್ಲ ಮೇಡಂ."

"ಮತ್ತೆ ಇದು?"

"ಅಣ್ಣನ ಪರಿಚಯದವರು ಬರೆಸಿದ್ದು. ಗಂಡ ಮಾತಾಡಲ್ಲ ಅಂತ ಬರೆದ್ರೆ ಸ್ಟೇಷನ್ನಲ್ಲಿ ನಗ್ತಾರಂತೆ. ಹೊಡೆದಿದ್ರೇ ಆಗಿರೋದು ಮೇಡಂ, ತೋರಿಸೋಕೆ ಏನಾದ್ರೂ ಇರೋದು."

ಪೆನ್ಸಿಲ್ ಕೊಟ್ಟು, ನಡೆಯದೇ ಇದ್ದದ್ದಕ್ಕೆಲ್ಲ ಗೀಟು ಎಳೆಯಿರಿ ಎಂದೆ. ಮೊದಲು ನಾದಿನಿಯ ಹೆಸರು ಹೋಯಿತು. "ಪಾಪ, ಬಾಣಂತನದಲ್ಲಿ ನನ್ನ ನೋಡಿಕೊಂಡಿದ್ದೇ ಅವಳು" ಅಂತ ಹೇಳುತ್ತಲೇ ಗೀಟು ಎಳೆದರು. ಆಮೇಲೆ ಅತ್ತೆ, ಬೆಲ್ಟು, ಐದು ಲಕ್ಷ. ಕೊನೆಗೆ ಉಳಿದದ್ದು ವಿಳಾಸ ಮತ್ತು "ಮಾನಸಿಕ ಹಿಂಸೆ ನೀಡಿರುತ್ತಾರೆ" ಎಂಬ ಒಂದೇ ಸಾಲು. ನಿಜವಾಗಿ ಅನುಭವಿಸಿದ್ದಕ್ಕೆ ಆ ದೂರಿನಲ್ಲಿ ಸಿಕ್ಕಿದ್ದು ಅಷ್ಟೇ ಜಾಗ.

ಬಿಳಿ ಹಾಳೆ ಕೊಟ್ಟು ಆ ಸಾಲನ್ನೇ ಬಿಡಿಸಿ ಬರೆಯಿರಿ ಎಂದೆ. ಬರೆಯುತ್ತಾ ಬರೆಯುತ್ತಾ ಬ್ಯಾಗಿನಿಂದ ಒಂದು ಕಟ್ಟು ತೆಗೆದರು. ರಬ್ಬರ್ ಬ್ಯಾಂಡ್ ಹಾಕಿದ ಲೆಕ್ಕದ ಚೀಟಿಗಳು. ಮೇಷ್ಟ್ರು ಕಾಪಿ ತಿದ್ದಿದ ಹಾಗೆ ಗಂಡ ಕೆಂಪು ಪೆನ್ನಿನಲ್ಲಿ ತಿದ್ದಿದ್ದ. ಒಂದರಲ್ಲಿ ಕೊತ್ತಂಬರಿ ಸೊಪ್ಪಿಗೆ ಸುತ್ತು ಹಾಕಿ, ಪಕ್ಕದಲ್ಲಿ "ಯಾಕೆ?" ಅಂತ ಬರೆದಿದ್ದ. ತೋರಿಸೋಕೆ ಏನೂ ಇಲ್ಲ ಅಂದಿದ್ದರಲ್ಲ!

ನಾನು ಕೊಟ್ಟ ಸಲಹೆ ಇದು. ಟೈಪ್ ಮಾಡಿಸಿದ ಆ ದೂರು ಬೇಡ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನೊಂದವರಿಗೆ ನೆರವಾಗಲು ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿ ಹತ್ತಿರ ಹೋಗಿ, ಘಟನಾ ವರದಿ ಬರೆಸಿ, 12ನೇ ಸೆಕ್ಷನ್ನಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಿ. ಗಂಡನೊಬ್ಬನ ಹೆಸರು ಸಾಕು. ರಕ್ಷಣಾ ಆದೇಶ, ಮನೆಯಲ್ಲಿರುವ ಹಕ್ಕು, ತಿಂಗಳ ಖರ್ಚು ಕೇಳಿ. ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ದುಡ್ಡಿನ ಹಿಂಸೆ ಮೂರೂ ಈ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇವೆ. ಜನರಿಗೆ ಗೊತ್ತಿಲ್ಲ, ಕೆಲವು ವಕೀಲರೂ ನೆನಪು ಮಾಡಿಕೊಳ್ಳುವುದಿಲ್ಲ. ವರದಿಯ ಫಾರಮ್ಮಿನಲ್ಲಿ ಶೀಲ ಶಂಕಿಸುವುದು, ಗಂಡು ಮಗು ಇಲ್ಲ ಅಂತ ಹೀಯಾಳಿಸುವುದು, ಮನೆಯಿಂದ ಹೊರಗೆ ಬಿಡದಿರುವುದು ಎಲ್ಲಕ್ಕೂ ಟಿಕ್ ಹಾಕಲು ಜಾಗ ಇದೆ. ಮೌನಕ್ಕೆ ಇಲ್ಲ. "ಇತರೆ" ಅನ್ನುವ ಕಡೆ ಬರೆಸಿ, ಹಾಳೆ ಲಗತ್ತಿಸಿದೆವು.

ಇದಕ್ಕೆ ನನ್ನ ಜೊತೆಯವರೇ ಕೆಲವರು "ನೀವು ಗಂಡಸರ ಪರ" ಅಂದರು. ಅಲ್ಲ. ಇಲ್ಲದ ಬೆಲ್ಟು ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದರೆ ಇರುವ ಚೀಟಿಗಳನ್ನೂ ಯಾರೂ ನಂಬುವುದಿಲ್ಲ. ಮುಳುಗುವುದು ಆಕೆಯೇ. ಜೊತೆಗೆ ಬಾಣಂತನ ಮಾಡಿದ ನಾದಿನಿಗೆ ಪೊಲೀಸ್ ನೋಟಿಸು. ಮನೆಮಂದಿಯ ಹೆಸರನ್ನೆಲ್ಲ ಸುಮ್ನೆ ಸೇರಿಸುವುದನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲೂ ಟೀಕಿಸಿದೆ.

ಇನ್ನು, ಹೆಂಗಸರ ಕೇಸೆಲ್ಲ ಸುಳ್ಳು ಅನ್ನುವವರಿಗೆ: ಭಾರತಿಯ ಮೊದಲ ದೂರು ಕೋರ್ಟಿಗೆ ಹೋಗಿದ್ದರೆ ನಿಮ್ಮ ಸುಳ್ಳಿನ ಲೆಕ್ಕಕ್ಕೆ ಇನ್ನೊಂದು ಸೇರುತ್ತಿತ್ತು. ಮಗನ ಬಾಯಲ್ಲಿ ಬೈಸಿಕೊಂಡದ್ದು ಮಾತ್ರ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಗಾಯ ಇಲ್ಲದ ಹಿಂಸೆಯನ್ನು ಕೇಳಿಸಿಕೊಳ್ಳದ ವ್ಯವಸ್ಥೆಯೇ ಅರ್ಧ ಸುಳ್ಳನ್ನು ಬರೆಸುತ್ತಿದೆ. ಹಾಗಾಗಿ ಸುಳ್ಳು ದೂರಿಗೂ ಗಾಯ ಕಾಣದ ಹಿಂಸೆಗೂ ಬೇಕಾದ ತಿದ್ದುಪಡಿ ಒಂದೇ ಅಂತ ನನ್ನ ವಾದ.

ಹೆಂಡತಿ ಮೇಲೆ ಗಂಡ, ಅವನ ಮನೆಯವರು ನಡೆಸುವ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್. ಅಲ್ಲಿ ಮಾನಸಿಕ ಆರೋಗ್ಯದ ಮಾತಿದೆ, ಆದರೆ "ಗಂಭೀರ" ಹಾನಿ ತೋರಿಸಬೇಕು. ದಿನಾ ಸ್ವಲ್ಪ ಸ್ವಲ್ಪವೇ ಉಸಿರು ಕಟ್ಟಿಸುವುದನ್ನು ಹೇಗೆ ತೋರಿಸುವುದು? ಇಂಗ್ಲೆಂಡಿನಲ್ಲಿ 2015ರ ಕಾನೂನು ಮತ್ತೆ ಮತ್ತೆ ನಡೆಯುವ ಇಂಥ ಹಿಡಿತವನ್ನೇ ಅಪರಾಧ ಮಾಡಿತು. ನಮ್ಮಲ್ಲೂ ಬಿಡಿಸಿ ಬರೆಯಲಿ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಸಾಮಾನ್ಯವಾಗಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಅಂಗನವಾಡಿಗಳ ಹೊರೆ ಹೊತ್ತವರು. ಈ ಕೆಲಸಕ್ಕೇ ಅಂತ ಬೇರೆ ಅಧಿಕಾರಿ ಬೇಕು. ಸುಳ್ಳು ದೂರಿಗೆ ಹೊಸ ಶಿಕ್ಷೆ ತಂದರೆ ನಿಜವಾಗಿ ನೊಂದವರೇ ಹೆದರುತ್ತಾರೆ. ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆ ಈಗಲೂ ಇದೆ. ಸುಳ್ಳು ಹೇಳಿಕೊಟ್ಟು ಬರೆಸುವವರನ್ನು ಯಾರಾದರೂ ಕೇಳುತ್ತಾರಾ?

ಭಾರತಿಗೆ ತಿಂಗಳ ಖರ್ಚಿನ ಮಧ್ಯಂತರ ಆದೇಶ ಸಿಕ್ಕಿದೆ. 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದು ದಾಟಿ ಎಷ್ಟೋ ಆಯಿತು. ಅಣ್ಣನಿಗೆ ನನ್ನ ಮೇಲೆ ಇನ್ನೂ ಸಿಟ್ಟು, ಕೇಸಿನ ಬಲ ತೆಗೆದರು ಅಂತ.

ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹಾಗೇ ಒಂದು ನೋಟ್ ಬುಕ್ ಇಡಿ. ತಾರೀಖು, ಆಡಿದ ಮಾತು, ಎದುರಿಗಿದ್ದವರು ಯಾರು, ಇಷ್ಟು ಬರೆದರೆ ಸಾಕು. ಗಂಡ ಫೋನ್ ನೋಡುತ್ತಾನೆ ಅಂದರೆ ಅದರಲ್ಲಿ ಬರೆಯಬೇಡಿ. ಚೀಟಿ, ಮೆಸೇಜು ಏನಿದೆಯೋ ಎಲ್ಲದರ ಒಂದು ಜೆರಾಕ್ಸ್ ನಂಬಿಕೆಯವರ ಹತ್ತಿರ ಇರಲಿ.