ಮೂರನೇ ಮನೆಯ ಅಡ್ವಾನ್ಸ್ ಮುಟ್ಟಬೇಡಿ

ಎರಡು ಮನೆ ಕಟ್ಟುವ ಗುತ್ತಿಗೆ ನಡೆಯುತ್ತಿದೆ, ಒಂದರ ಮೌಲ್ಡ್ (ಕಾಂಕ್ರೀಟ್ ಛಾವಣಿ) ಬಾಕಿ ಇದೆ, ಕೈ ಖಾಲಿ. ಮೂರನೇ ಮನೆ ಒಪ್ಪಿಕೊಂಡು ಅದರ 5 ಲಕ್ಷ ಅಡ್ವಾನ್ಸ್‌ನಲ್ಲಿ ಈ ಮೌಲ್ಡ್ ಮುಗಿಸಲಾ ಎಂದು ಕೇಳಿದ್ದೀರಿ. ಬೇಡ ಬ್ರದರ್. ಮನೆ ಬೇಕಾದರೆ ಒಪ್ಪಿಕೊಳ್ಳಿ, ಆ ದುಡ್ಡು ಮಾತ್ರ ಈ ಸೈಟಿಗೆ ತರಬೇಡಿ.

2019ರಲ್ಲಿ ನಾನು ಇದನ್ನೇ ಮಾಡಿದ್ದೆ. ಮಾಲೀಕರು ಬ್ಯಾಂಕ್ ಸಾಲದಲ್ಲಿ ಕಟ್ಟಿಸುತ್ತಿದ್ದರು. ಮಧ್ಯದಲ್ಲಿ ಪ್ಲಾನ್‌ನಲ್ಲಿ ಇಲ್ಲದ ಒಂದು ರೂಮು ಸೇರಿಸಿದರು. ಮೌಲ್ಡ್ ಆದ ಮೇಲೆ ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ, ಕಟ್ಟಡ ಪ್ಲಾನ್‌ನಂತೆ ಇಲ್ಲ ಎಂದು ಬರೆದರು. ಆ ಹಂತದ ಹಣ ಎರಡೂವರೆ ತಿಂಗಳು ನಿಂತಿತು. ಇನ್ನೊಂದು ಮನೆಯ ಅಡ್ವಾನ್ಸ್ ಅಷ್ಟರಲ್ಲಿ ಇಲ್ಲಿ ಸುರಿದಾಗಿತ್ತು. ಅಲ್ಲಿ ಪಾಯ ತೋಡಿ ಬಿಟ್ಟಿದ್ದ ಗುಂಡಿ ಮಳೆಗೆ ಕುಸಿಯಿತು. ಆಗ ತಂದ ಕೈಗಡಕ್ಕೆ ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ 36. ತೀರಿಸಲು ಎರಡು ವರ್ಷ ಹಿಡಿಯಿತು.

ನಮ್ಮ ಕೆಲಸದಲ್ಲಿ ದುಡ್ಡು ಸಿಕ್ಕಿಬೀಳುವುದು ಹೆಚ್ಚಾಗಿ ಮೌಲ್ಡ್‌ನಲ್ಲೇ. 12 ಚದರ (1200 ಚದರ ಅಡಿ), 5 ಇಂಚು ದಪ್ಪ ಅಂದರೆ 500 ಘನ ಅಡಿ ಕಾಂಕ್ರೀಟ್. ಎಂ20 ದರ್ಜೆಯ ಕಾಂಕ್ರೀಟ್‌ಗೆ ಹತ್ತಿರ ಹತ್ತಿರ 115 ಚೀಲ ಸಿಮೆಂಟ್, ತೊಲೆಗಳದ್ದು ಬೇರೆ. ಕಬ್ಬಿಣ, ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಹಲಗೆ, ಆಧಾರ), ಕೂಲಿ ಎಲ್ಲ ಒಂದೇ ವಾರದಲ್ಲಿ ಹೋಗುತ್ತದೆ. ಆಮೇಲೆ ತೊಲೆ ಕೆಳಗಿನ ಆಧಾರ ಕನಿಷ್ಠ 14 ದಿನ ತೆಗೆಯುವಂತಿಲ್ಲ, ಒಳಗಿನ ಕೆಲಸ ನಿಲ್ಲುತ್ತದೆ. ಬ್ಯಾಂಕಿನವರು ಬರುವುದೂ ಮೌಲ್ಡ್ ಮುಗಿದ ಮೇಲೆಯೇ. ಖರ್ಚು ಮೊದಲು, ಹಣ ಆಮೇಲೆ. ಶನಿವಾರದ ಬಟವಾಡೆ ಮಾತ್ರ ಯಾರಿಗೂ ಕಾಯುವುದಿಲ್ಲ, ಅಲ್ವಾ?

ಹಾಗಾಗಿ ಈಗಲೇ ಮಾಲೀಕರ ಹತ್ತಿರ ಕೂತು ಮಾತಾಡಿ. ಕಬ್ಬಿಣ, ಸಿಮೆಂಟಿನ ದುಡ್ಡು ಅವರೇ ನೇರವಾಗಿ ಅಂಗಡಿಗೆ ಕಟ್ಟಲಿ, ನಿಮ್ಮ ಬಿಲ್ಲಿನಲ್ಲಿ ಕಳೆಯಿರಿ. ನಾಚಿಕೆ ಬೇಡ, ಇದನ್ನು ಕೇಳಿದರೆ ಯಾರೂ ನಿಮ್ಮನ್ನು ಕೀಳಾಗಿ ನೋಡುವುದಿಲ್ಲ. ದುಡ್ಡಿನ ದಿನ ಖಚಿತವಾಗುವ ತನಕ ಸೆಂಟ್ರಿಂಗ್ ಕಟ್ಟಲು ಶುರು ಮಾಡಬೇಡಿ, ಸುಮ್ನೆ ಬಾಡಿಗೆ ಏರುತ್ತದೆ.

ಇನ್ನು ಆ 5 ಲಕ್ಷ. ನೀವು ಜಿಎಸ್‌ಟಿ ಮಾಡಿಸಿದ್ದು, ಸಾಮಾನು ಸಮೇತ ಗುತ್ತಿಗೆಯಾದರೆ ಅಡ್ವಾನ್ಸ್ ಬಂದಾಗಲೇ 18% ತೆರಿಗೆ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಸೇರಿದ 5 ಲಕ್ಷವಾದರೆ ಅದರಲ್ಲಿ ಸುಮಾರು 76 ಸಾವಿರ ತೆರಿಗೆ. ಸಾಮಾನಿನ ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ) ಕಳೆದು ಉಳಿದದ್ದು ಕಟ್ಟಲೇಬೇಕು. (ಒಂದೇ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ಇಲ್ಲ.) ಉಳಿದ ದುಡ್ಡು ಅದೇ ಮನೆಯ ಪಾಯಕ್ಕೇ ಬೇಕು. ಅದಕ್ಕೇ ನಾನು ಈಗ ಒಂದೊಂದು ಸೈಟಿಗೆ ಒಂದೊಂದು ಬ್ಯಾಂಕ್ ಖಾತೆ ಇಟ್ಟಿದ್ದೇನೆ.

ಹೊಸ ಮನೆಯ ಅಗ್ರಿಮೆಂಟ್ ಮಾಡುವ ಮೊದಲು ಮಾಲೀಕರ ಸಾಲ ಮಂಜೂರಾತಿ ಪತ್ರ ನೋಡಿ. ಬ್ಯಾಂಕ್ ಯಾವ ಹಂತಕ್ಕೆ ಎಷ್ಟು ಕೊಡುತ್ತದೋ ನಿಮ್ಮ ಹಂತಗಳೂ ಅದಕ್ಕೆ ಹೊಂದಬೇಕು. ಮೌಲ್ಡ್ ಕಂತನ್ನು ಎರಡು ಮಾಡಿ: ಅರ್ಧ ಸೆಂಟ್ರಿಂಗ್ ಶುರುವಿಗೆ ಮೊದಲು, ಅರ್ಧ ಕಾಂಕ್ರೀಟ್ ಆದ ವಾರ. ಮೊದಲರ್ಧ ಮಾಲೀಕರ ಸ್ವಂತ ದುಡ್ಡಿನಿಂದ ಬರಲಿ. ಕಬ್ಬಿಣಕ್ಕೆ ಮೂಲ ದರ ಬರೆದು, ಅದಕ್ಕಿಂತ ಜಾಸ್ತಿ ಆದರೆ ವ್ಯತ್ಯಾಸ ಮಾಲೀಕರದ್ದು ಎಂದು ಸೇರಿಸಿ. 2022ರ ಏಪ್ರಿಲ್ ಹೊತ್ತಿಗೆ ಕೆಜಿ 75 ರೂಪಾಯಿ ದಾಟಿದ್ದು ನೆನಪಿರಬಹುದು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಫ್ತು ಸುಂಕ ಹಾಕಿದ ಮೇಲೆ ಇಳಿಯಿತು. ಹಳೇ ದರಕ್ಕೆ ಒಪ್ಪಿಕೊಂಡವರು ಅಷ್ಟರಲ್ಲಿ ಕೈ ಸುಟ್ಟುಕೊಂಡಿದ್ದರು. ಎಕ್ಸ್‌ಟ್ರಾ ಕೆಲಸ ಹೇಳಿದರೆ ದರ ವಾಟ್ಸಾಪ್‌ನಲ್ಲಿ ಕಳಿಸಿ, ಅವರು ಓಕೆ ಅಂದ ಮೇಲೆ ಕೈ ಹಾಕಿ.

ಉದ್ರಿ ಬಗ್ಗೆಯೂ ಒಂದು ಮಾತು. ನಗದಿಗೆ 360ರ ಚೀಲ ತಿಂಗಳ ಉದ್ರಿಗೆ 370 ಆದರೆ ಅದು ತಿಂಗಳಿಗೆ 2.8% ಬಡ್ಡಿ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಇದಕ್ಕಿಂತ ತುಂಬಾ ಅಗ್ಗ.

ಇವತ್ತು ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಮುಂದಿನ 8 ಶನಿವಾರ ಬರೆಯಿರಿ. ಪ್ರತಿ ವಾರ ಏನು ಬರುತ್ತದೆ, ಏನು ಹೋಗುತ್ತದೆ, ಸೈಟ್ ಪ್ರಕಾರ. "ಕೊಡ್ತೀನಿ ಬಿಡಿ" ಅಂದದ್ದನ್ನು ಬರುವ ಲೆಕ್ಕಕ್ಕೆ ಹಾಕಬೇಡಿ. ಮಾಲೀಕರಿಗೆ ಸಾಲದ ಎಷ್ಟು ಹಂತ ಬಿಡುಗಡೆಯಾಗಿದೆ, ಅಂಗಡಿ ಬಾಕಿ ಎಷ್ಟಿದೆ ಇಲ್ಲಿ ಹಾಕಿ, ನಾಳೆ ಸಂಜೆ ಕೂತು ಒಟ್ಟಿಗೆ ನೋಡೋಣ.