ಬಯೋಡೀಸೆಲ್‌ಗೆ ಹಳೆ ಗಾಡಿ: ಮೊದಲು ಪಂಪ್ ನೋಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಬೇಲಿ ಉದ್ದಕ್ಕೂ ಹೊಂಗೆ ಮರಗಳಿವೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತಗೊಂಡು, ಹೊಂಗೆ ಬೀಜದ ಎಣ್ಣೆಯಿಂದ ಆಗುವ ಬಯೋಡೀಸೆಲ್‌ನಲ್ಲಿ ಓಡಿಸುವ ಆಸೆ. ಕ್ವಾಲಿಸ್, ಹಳೆ ಬೊಲೆರೊ, ಸ್ಕಾರ್ಪಿಯೊ ಮೂರನ್ನೂ ನೋಡಿ ಬಂದಿದ್ದೇವೆ. ಯಾವುದು ತಗೊಳ್ಳಲಿ?

ಉತ್ತರ: ಹೆಸರು ನೋಡಿ ಆರಿಸಬೇಡಿ. ಬಾನೆಟ್ ಎತ್ತಿಸಿ, ಡೀಸೆಲ್ ಪಂಪ್ ಯಾವುದು ಅಂತ ನೋಡಿ. ಬಯೋಡೀಸೆಲ್‌ನಿಂದ ತೊಂದರೆ ಬಂದರೆ ಅದು ಶುರುವಾಗುವುದು ಟ್ಯಾಂಕ್, ಪೈಪ್, ಪಂಪ್, ಇಂಧನ ಸಿಂಪಡಿಸುವ ನಾಝಲ್‌ಗಳಲ್ಲಿ. ಎಂಜಿನ್ ಸರದಿ ಆಮೇಲೆ.

ನಿಮಗೆ ಬೇಕಾದದ್ದು ಕಾಮನ್ ರೇಲ್ (ಭಾರಿ ಒತ್ತಡದ ಡೀಸೆಲ್ ಅನ್ನು ಒಂದೇ ಪೈಪ್‌ನಲ್ಲಿ ಕೂಡಿಟ್ಟು ಎಲ್ಲ ಸಿಲಿಂಡರ್‌ಗೂ ಹಂಚುವ ವ್ಯವಸ್ಥೆ) ಇಲ್ಲದ, ಮೆಕ್ಯಾನಿಕಲ್ ಪಂಪ್ ಇರುವ ಗಾಡಿ. ಕಾಮನ್ ರೇಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಧನದಲ್ಲಿ ಸ್ವಲ್ಪ ನೀರೋ, ಗ್ಲಿಸರಿನ್ನೋ, ಸಾಬೂನಿನ ಅಂಶವೋ ಉಳಿದಿದ್ದರೂ ಇಂಜೆಕ್ಟರ್ ಕೆಡುತ್ತದೆ, ರಿಪೇರಿ ಖರ್ಚಿನಲ್ಲಿ ಉಳಿಸಿದ ದುಡ್ಡೆಲ್ಲ ಹೋಗುತ್ತದೆ. ಹಾಗಾಗಿ ನೀವು ನೋಡಿದ ಸ್ಕಾರ್ಪಿಯೊ ಸಿಆರ್‌ಡಿಇ ಅಥವಾ ಎಂಹಾಕ್ (ಎರಡೂ ಕಾಮನ್ ರೇಲ್ ಎಂಜಿನ್) ಆಗಿದ್ದರೆ ಬಿಟ್ಟುಬಿಡಿ. ಬೊಲೆರೊದಲ್ಲಿ ಎರಡೂ ಬಗೆ ಬಂದಿವೆ, ಕಾಮನ್ ರೇಲ್‌ಗಿಂತ ಹಿಂದಿನದನ್ನೇ ಹುಡುಕಿ. 2000ರಿಂದ 2005ರ ತನಕ ಇಲ್ಲಿ ಮಾರಾಟವಾದ ಕ್ವಾಲಿಸ್‌ಗೆ ಕಾಮನ್ ರೇಲ್ ಇಲ್ಲ. ಅದರ ಬದಲಿಗೆ ಬಂದ ಇನ್ನೋವಾಗೆ ಇದೆ. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆ ಮಹೀಂದ್ರ ಜೀಪ್‌ಗಳೂ ಈ ಕೆಲಸಕ್ಕೆ ಆಗುತ್ತವೆ.

ಮೆಕ್ಯಾನಿಕಲ್ ಪಂಪ್‌ನಲ್ಲೂ ವ್ಯತ್ಯಾಸ ಇದೆ. ಪೈಪ್‌ಗಳು ಒಂದೇ ಸಾಲಿನಲ್ಲಿ ಹೊರಟಿದ್ದರೆ ಅದು ಇನ್‌ಲೈನ್ ಪಂಪ್. ಅದರ ಕ್ಯಾಮ್ ಭಾಗಕ್ಕೆ ಎಂಜಿನ್ ಆಯಿಲ್‌ನ ಜಿಡ್ಡು ಸಿಗುತ್ತದೆ. ಗುಂಡನೆಯ ತಲೆಯಿಂದ ಸುತ್ತಲೂ ಹೊರಟಿದ್ದರೆ ರೋಟರಿ. ಅದಕ್ಕೆ ಜಿಡ್ಡು ಸಿಗುವುದು ಇಂಧನದಿಂದಲೇ, ಆದ್ದರಿಂದ ಕಳಪೆ ಇಂಧನವನ್ನು ಅದು ತಡೆಯುವುದಿಲ್ಲ. ಆಯ್ಕೆ ಸಿಕ್ಕರೆ ಇನ್‌ಲೈನ್ ತಗೊಳ್ಳಿ. ಗೊತ್ತಾಗದಿದ್ದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಯ ಪಂಪ್ ಕೆಲಸದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಕೊಡುವ ಕೂಲಿ ದಂಡ ಅಲ್ಲ.

ಇನ್ನು ಮಲೆನಾಡಿನ ಗಾಡಿಯಲ್ಲಿ ತಪ್ಪದೆ ನೋಡಬೇಕಾದದ್ದು ತುಕ್ಕು. ಚಾಸಿ, ಫ್ಲೋರ್ ಎಲ್ಲರೂ ನೋಡುತ್ತಾರೆ. ನೀವು ಡೀಸೆಲ್ ಟ್ಯಾಂಕ್ ಬಿಚ್ಚಿಸಿ ಒಳಗೆ ಟಾರ್ಚ್ ಬಿಡಿ. ಬಯೋಡೀಸೆಲ್ ಒಳ್ಳೆ ಕ್ಲೀನರ್ ಥರ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಟ್ಯಾಂಕ್ ತಳದಲ್ಲಿ ಕೂತ ಕೊಳೆಯನ್ನು ಎಬ್ಬಿಸಿ ಫಿಲ್ಟರ್‌ಗೆ ತಂದು ತುಂಬುತ್ತದೆ. ಮೊದಲ ಕೆಲವು ಟ್ಯಾಂಕ್‌ಗಳಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆಗುಂಬೆ ಘಾಟಿ ಹತ್ತುವಾಗ ಗಾಡಿ ಉಸಿರು ಕಟ್ಟಿ ನಿಂತರೆ ಕಷ್ಟ ಅಲ್ವಾ, ಒಂದು ಸ್ಪೇರ್ ಫಿಲ್ಟರ್ ಗಾಡಿಯಲ್ಲೇ ಇರಲಿ. ಹಳೆ ರಬ್ಬರ್ ಪೈಪ್‌ಗಳು ಬಯೋಡೀಸೆಲ್‌ಗೆ ಊದಿ ಮೆತ್ತಗಾಗುತ್ತವೆ. ಅವನ್ನೆಲ್ಲ ತೆಗೆಸಿ ವಿಟಾನ್ (ಬಯೋಡೀಸೆಲ್ ತಡೆಯುವ ರಬ್ಬರ್) ಪೈಪ್ ಹಾಕಿಸಿ. ಪಂಪ್ ಸೀಲ್‌ಗಳನ್ನೂ ಆಗಲೇ ಬದಲಿಸಿದರೆ ಒಳ್ಳೆಯದು.

ಎಂಜಿನ್ ಪರೀಕ್ಷೆಗೆ ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದೇ ಮುಖ್ಯ. ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ತೆಗೆಸಿ. ಬುಸುಬುಸು ಹೊಗೆ ಬಂದರೆ ಎಂಜಿನ್‌ನ ಪಿಸ್ಟನ್ ರಿಂಗ್ ಸವೆದಿದೆ. ಕೆಎ-14, ಕೆಎ-15 ಗಾಡಿಗಳಲ್ಲಿ 15 ವರ್ಷ ದಾಟಿದ್ದು ಜಾಸ್ತಿ ಸಿಗುತ್ತವೆ, ಆರ್‌ಸಿ ರಿನ್ಯೂ ಆಗಿದೆಯಾ ಅಂತ ದುಡ್ಡು ಕೊಡುವ ಮುಂಚೆ ನೋಡಿ.

ಗಾಡಿ ಮನೆಗೆ ಬಂದ ಮೇಲೆ ಒಮ್ಮೆಗೇ ಪೂರ್ತಿ ಬಯೋಡೀಸೆಲ್ ಸುರಿಯಬೇಡಿ. 20 ಭಾಗ ಬಯೋಡೀಸೆಲ್, 80 ಭಾಗ ಡೀಸೆಲ್ ಮಿಶ್ರಣದಿಂದ ಶುರು ಮಾಡಿ. ಗಾಡಿ ನಿತ್ಯದ ಕೆಲಸಕ್ಕೆ ಬೇಕಾದವರು ಅಲ್ಲೇ ನಿಲ್ಲುವುದು ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಬಯೋಡೀಸೆಲ್‌ನಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಚಳಿಗಾಲದ ಬೆಳಗಿನಲ್ಲಿ, ಅದರಲ್ಲೂ ಹೋಟೆಲ್‌ನಲ್ಲಿ ಕರಿದ ಪಾಮ್ ಎಣ್ಣೆಯಿಂದ ಮಾಡಿದ್ದಾದರೆ, ಇಂಧನ ಮಬ್ಬುಗಟ್ಟಿ ಫಿಲ್ಟರ್‌ನಲ್ಲಿ ನಿಲ್ಲಬಹುದು.

ಮಳೆಗಾಲ ಇದಕ್ಕಿಂತ ದೊಡ್ಡ ತಲೆನೋವು. ಬಯೋಡೀಸೆಲ್ ಡೀಸೆಲ್‌ಗಿಂತ ಜಾಸ್ತಿ ನೀರು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರ್ಧ ಟ್ಯಾಂಕ್‌ನಲ್ಲಿ ಗಾಡಿ ಸುಮ್ನೆ ನಿಂತರೆ ಒಳಗೆ ನೀರು ಸೇರಿ, ಸೂಕ್ಷ್ಮಜೀವಿ ಬೆಳೆದು ಲೋಳೆ ಕಟ್ಟುತ್ತದೆ. ಓಡಿಸದೇ ಇರುವುದಾದರೆ ಟ್ಯಾಂಕ್‌ಗೆ ಬರೀ ಡೀಸೆಲ್ ತುಂಬಿಸಿ ನಿಲ್ಲಿಸಿ. ಫಿಲ್ಟರ್ ಕೆಳಗಿನ ನೀರಿನ ತಿರುಪು ಆಗಾಗ ಸಡಿಲಿಸಿ ಬಸಿಯಿರಿ.

ಪ್ರಶ್ನೆ: ಸಾಗರದಲ್ಲಿದ್ದೇನೆ. ನನ್ನ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರಿಗೆ ಬಯೋಡೀಸೆಲ್ ಹಾಕಬಹುದಾ?

ಉತ್ತರ: ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದನ್ನು ಸುಟ್ಟು ಶುದ್ಧ ಮಾಡಲು ಹಲವು ಎಂಜಿನ್‌ಗಳು ಸಿಲಿಂಡರ್‌ಗೇ ಹೆಚ್ಚುವರಿ ಇಂಧನ ಸಿಂಪಡಿಸುತ್ತವೆ. ಬಯೋಡೀಸೆಲ್ ಸುಲಭವಾಗಿ ಆವಿಯಾಗುವುದಿಲ್ಲ. ಹೀಗಾಗಿ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಬಂಕ್ ಡೀಸೆಲ್‌ನಲ್ಲಿ ನಿಯಮದ ಪ್ರಕಾರ ಶೇ 7ರ ತನಕ ಬಯೋಡೀಸೆಲ್ ಬೆರೆತಿರಬಹುದು, ಅದಕ್ಕೆ ಹೆದರಬೇಕಿಲ್ಲ.

ಪ್ರಶ್ನೆ: ಗಾಣದಲ್ಲಿ ತೆಗೆಸಿದ ಹೊಂಗೆ ಎಣ್ಣೆಯನ್ನೇ ನೇರವಾಗಿ ಹಾಕಿದರೆ?

ಉತ್ತರ: ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲ್‌ನಲ್ಲಿ ಸರಿಯಾಗಿ ಸಿಡಿಯದೆ, ಇದ್ದಿಲು ಕಟ್ಟುತ್ತದೆ. ಅದನ್ನು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಮತ್ತು ಕಾಸ್ಟಿಕ್ ಸೋಡಾ ಬಳಸಿ ಪರಿವರ್ತಿಸಿದಾಗ ಮಾತ್ರ ಬಯೋಡೀಸೆಲ್. ಹೊಂಗೆ ಎಣ್ಣೆಯಲ್ಲಿ ಆಮ್ಲದ ಅಂಶ ಜಾಸ್ತಿ ಇದ್ದರೆ ಅದಕ್ಕೂ ಮೊದಲು ಇನ್ನೊಂದು ಹಂತ ಬೇಕು, ಇಲ್ಲದಿದ್ದರೆ ಸಾಬೂನು ಆಗುತ್ತದೆ. ಗಾಣದಲ್ಲಿ 1 ಲೀಟರ್ ಎಣ್ಣೆಗೆ ಸುಮಾರು 4 ಕೆಜಿ ಬೀಜ ಬೇಕು, ನಿಮ್ಮ ಬೇಲಿಯ ಮರಗಳಿಂದ ಎಷ್ಟು ಸಿಗುತ್ತದೆ ಅಂತ ಮೊದಲು ತೂಗಿ ನೋಡಿ.

ಮನೆಯಲ್ಲಿ ಮಾಡಲು ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೆಥನಾಲ್ ವಿಷ, ಕಣ್ಣು ತೆಗೆಯುತ್ತದೆ. ಬೆಂಕಿ ಹತ್ತಿದರೆ ಹಗಲಲ್ಲಿ ಅದರ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ, ಬೀಜದಿಂದ ಇಂಧನದ ತನಕದ ಕೆಲಸವನ್ನು ಅಲ್ಲಿ ಕೇಳಿ ತಿಳಿದುಕೊಳ್ಳಿ. ಹೊರಗಿನಿಂದ ಕೊಳ್ಳುವುದಾದರೆ ಐಎಸ್ 15607 (ಬಯೋಡೀಸೆಲ್‌ಗಿರುವ ಭಾರತೀಯ ಮಾನಕ) ಗುಣಮಟ್ಟದ ಪರೀಕ್ಷಾ ವರದಿ ಕೇಳಿ. ಬಯೋಡೀಸೆಲ್ ಹೆಸರಲ್ಲಿ ಕೈಗಾರಿಕೆ ಎಣ್ಣೆ ಮಾರುವವರಿದ್ದಾರೆ. ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಬಯೋಡೀಸೆಲ್ ಹಾಕಿ ಜೋರಾಗಿ ಕುಲುಕಿ ಇಡಿ. ಅರ್ಧ ಗಂಟೆಯೊಳಗೆ ಎರಡೂ ಸ್ಪಷ್ಟವಾಗಿ ಬೇರೆಯಾಗದೆ ಮಜ್ಜಿಗೆ ಬಣ್ಣದಲ್ಲೇ ನಿಂತರೆ ಆ ಕ್ಯಾನ್ ವಾಪಸ್ ಕೊಡಿ.