ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಹಾಡುಗಾರ್ತಿಯೊಬ್ಬರು ಮೂಕಿ ಸಿನಿಮಾದಲ್ಲಿ ಹೆಸರು ಮಾಡಿದ್ದರಂತೆ, ನಿಜವೇ?

ನಿಜ. ಅವರು ಅಮೆರಿಕದ ಜೆರಾಲ್ಡೀನ್ ಫರಾರ್ (1882–1967). ಅಪ್ಪ ಬೇಸ್‌ಬಾಲ್ ಆಟಗಾರ. ಮಗಳು 19ನೇ ವಯಸ್ಸಿಗೇ ಬರ್ಲಿನ್‌ನ ಒಪೆರಾ ವೇದಿಕೆ ಏರಿದರು. 1906ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸಂಸ್ಥೆಗೆ ಬಂದರು. ಮರುವರ್ಷ ಅಲ್ಲಿ ‘ಮದಾಮಾ ಬಟರ್‌ಫ್ಲೈ’ ಮೊದಲ ಸಲ ನಡೆದಾಗ ನಾಯಕಿ ಇವರೇ, ಜೊತೆಗೆ ಇಟಲಿಯ ಹೆಸರಾಂತ ಗಾಯಕ ಕರೂಸೋ.

1915ರಲ್ಲಿ ನಿರ್ದೇಶಕ ಸೆಸಿಲ್ ಬಿ. ಡೆಮಿಲ್ ಇವರನ್ನು ‘ಕಾರ್ಮೆನ್’ ಚಿತ್ರದ ನಾಯಕಿ ಮಾಡಿದರು. ದನಿಯೇ ಕೇಳಿಸದ ಸಿನಿಮಾಕ್ಕೆ ಹಾಡುಗಾರ್ತಿ ಯಾಕೆ ಅನಿಸುತ್ತದೆ, ಅಲ್ವಾ? ಫರಾರ್ ಸುಮ್ನೆ ನಿಂತು ಹಾಡುವವರಲ್ಲ, ನಟನೆಯನ್ನೂ ಬಲ್ಲವರು. ಒಂದು ಒಪೆರಾದಲ್ಲಿ ಹೆಬ್ಬಾತು ಕಾಯುವ ಹುಡುಗಿಯ ಪಾತ್ರಕ್ಕೆ ನಿಜವಾದ ಹೆಬ್ಬಾತುಗಳನ್ನೇ ವೇದಿಕೆಗೆ ತಂದಿದ್ದರು! ಡೆಮಿಲ್ ಕೂಡ ಜಾಣ. ಇವರಿಗೆ ಕ್ಯಾಮೆರಾ ರೂಢಿಯಾಗಲಿ ಎಂದು ಮೊದಲು ‘ಮರಿಯಾ ರೋಸಾ’ ಚಿತ್ರೀಕರಿಸಿದರು, ಆದರೆ ಬಿಡುಗಡೆ ಮಾಡಿದ್ದು ‘ಕಾರ್ಮೆನ್’ ಆದ ಮೇಲೆ. ಶೂಟಿಂಗ್ ನಡೆಯುವಾಗ ಭಾವ ಬರಲೆಂದು ಪಕ್ಕದಲ್ಲೇ ವಾದ್ಯ ನುಡಿಸುತ್ತಿದ್ದರು.

ನನ್ನ ಪ್ರಕಾರ 1916ರ ‘ಜೋನ್ ದ ವುಮನ್’ ಇವರ ದೊಡ್ಡ ಚಿತ್ರ. ಅದರಲ್ಲಿ ಫ್ರಾನ್ಸಿನ ವೀರ ಹುಡುಗಿ ಜೋನ್ ಆಫ್ ಆರ್ಕ್ ಪಾತ್ರ ಇವರದು. ಇನ್ನೂ ಕೆಲವು ಚಿತ್ರ ಮಾಡಿದರು. 1922ರಲ್ಲಿ, ಬರೀ 40ನೇ ವಯಸ್ಸಿಗೆ, ಮೆಟ್ರೊಪಾಲಿಟನ್ ಬಿಟ್ಟರು.